ಗಣಿ ಬರಿದಾದರೂ ಬತ್ತದ ವಿದ್ಯೆ

ಗಣಿಗಾರಿಕೆಯ ವಿದ್ಯೆಯನ್ನು ದೇಶದೇಶಗಳ ವಿದ್ಯಾರ್ಥಿಗಳಿಗೆ ಕಲಿಸುವ ಪರಂಪರೆ ಹೊಸದಲ್ಲ. ಜರ್ಮನಿಯ ಸ್ಯಾಕ್ಸನಿ ಪ್ರಾಂತ್ಯದ ಫ್ರೈಬರ್ಗ್ ಪಟ್ಟಣದಲ್ಲಿ 1765ರಲ್ಲಿ ಗಣಿ ಅಕಾಡೆಮಿ ಸ್ಥಾಪನೆಗೊಂಡಿತು. ಭೂವಿಜ್ಞಾನಿ ಅಬ್ರಹಾಂ ವರ್ನರ್ ಅವರ ಪಾಠ ಕೇಳಲು ನಾನಾ ದೇಶಗಳ ತರುಣರು ಅಲ್ಲಿಗೆ ಬರುತ್ತಿದ್ದರು.

1791ರಲ್ಲಿ ಅಲ್ಲಿ ಸೇರಿದ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ ಅವರ ದಿನಚರಿ ಗಮನಾರ್ಹ. ಬೆಳಗಿನ ಹೊತ್ತು ಗಣಿಯೊಳಗೆ; ಮಧ್ಯಾಹ್ನದ ನಂತರ ತರಗತಿಯಲ್ಲಿ. ಅವರ ಸಹಪಾಠಿ, ಸ್ಪೇನಿನ ದೆಲ್ ರಿಯೊ, ಮುಂದೆ ಮೆಕ್ಸಿಕೊದ ಗಣಿ ಶಾಲೆಯಲ್ಲಿ ಅಧ್ಯಾಪಕರಾದರು. ಇಂದು ವನೇಡಿಯಂ ಎನಿಸಿರುವ ಮೂಲವಸ್ತುವನ್ನು 1801ರಲ್ಲಿ ಗುರುತಿಸಿದರು. ಪ್ರಷ್ಯಾದ ಗಣಿ ಅಧಿಕಾರಿಯಾದ ಹಂಬೋಲ್ಟ್, 1793ರಲ್ಲಿ ಸ್ಟೇಬೆನ್ ಎಂಬಲ್ಲಿ ಸ್ವಂತ ಖರ್ಚಿನಿಂದ ಕಾರ್ಮಿಕರಿಗಾಗಿ ಉಚಿತ ಶಾಲೆ ತೆರೆದರು. ಕಾರ್ಮಿಕರ ಪ್ರಾಣರಕ್ಷಣೆಗೆಂದು ಸುರಕ್ಷಾ ದೀಪ ಮತ್ತು ಉಸಿರಾಟದ ಸಾಧನವನ್ನೂ ರೂಪಿಸಿದರು. ಸುರಂಗದಲ್ಲಿ ಕಾರ್ಮಿಕನ ಪಕ್ಕದಲ್ಲಿ ನಿಂತು ಕಲಿತದ್ದರ ಫಲವಿದು.

ಫ್ರೈಬರ್ಗ್‌ನಲ್ಲಿ ಅದಿರು ತೆಗೆಯುವ ಕೆಲಸ 1960ರ ದಶಕದ ಕೊನೆಯಲ್ಲಿ ನಿಂತಿತು. ಆದರೆ 'ರೈಖೆ ತ್ಸೆಖೆ' ಎಂಬ ಗಣಿ ಬೋಧನೆ ಮತ್ತು ಸಂಶೋಧನೆಗಾಗಿ ಉಳಿದುಕೊಂಡಿತು. ಇಂದಿಗೂ ಅಲ್ಲಿ ವಿದೇಶಿ ವಿದ್ಯಾರ್ಥಿಗಳೂ ನೆಲದಾಳಕ್ಕಿಳಿದು ಅಳತೆ, ಶಿಲೆಯ ಪರೀಕ್ಷೆಗಳನ್ನು ಕೈಯಾರೆ ಕಲಿಯುತ್ತಾರೆ. ಬೆಳ್ಳಿ ಕೊಡದ ಗಣಿ ವಿದ್ಯೆ ಕೊಡುತ್ತಿದೆ.

ಭಾರತವೂ ಕಲಿಸುವ ದೇಶವೇ. ಧನಬಾದ್‌ನ ಗಣಿ ಶಾಲೆ 1926ರಷ್ಟು ಹಳೆಯದು. ವಿದೇಶೀಯರಿಗೆ ತರಬೇತಿ ನೀಡುವ ನಮ್ಮ ತಾಂತ್ರಿಕ ಮತ್ತು ಆರ್ಥಿಕ ಸಹಕಾರ ಕಾರ್ಯಕ್ರಮ 1964ರಿಂದ ನಡೆಯುತ್ತಿದೆ. ಆದರೆ ಮೂರು ಕಿಲೋಮೀಟರಿಗೂ ಹೆಚ್ಚು ಆಳದ, ಶಿಲಾಸ್ಫೋಟ ಮತ್ತು ಉಷ್ಣದ ಪಾಠಗಳನ್ನು ಒಡಲಲ್ಲಿಟ್ಟುಕೊಂಡಿದ್ದ ಕೋಲಾರ ಚಿನ್ನದ ಗಣಿಯನ್ನು ನಾವು 2001ರಲ್ಲಿ ಮುಚ್ಚಿದೆವು. ಸುರಂಗಗಳಲ್ಲಿ ನೀರು ತುಂಬಿತು. ಚಿನ್ನದ ಉತ್ಪಾದನಾ ವೆಚ್ಚ ಲೆಕ್ಕಕ್ಕೆ ಬಂತು; ಶತಮಾನದ ಅನುಭವಕ್ಕೆ ಬೆಲೆ ಕಟ್ಟುವ ಕಲಮು ಆ ಲೆಕ್ಕದಲ್ಲಿರಲಿಲ್ಲ.

ಆಳದ ಸುರಂಗಗಳನ್ನೆಲ್ಲ ಮತ್ತೆ ತೆರೆಯುವುದು ಆರ್ಥಿಕವಾಗಿ ದುಸ್ಸಾಧ್ಯ. ಆದರೆ ಕೋಲಾರದ ಸೈನೈಡ್ ದಿಬ್ಬಗಳಿಂದ ಚಿನ್ನ ತೆಗೆಯುವ ಪ್ರಸ್ತಾವಕ್ಕೆ 2024ರಲ್ಲಿ ರಾಜ್ಯ ಸಂಪುಟ ಸಮ್ಮತಿಸಿದೆ. ರಾಯಚೂರು ಜಿಲ್ಲೆಯ ಹಟ್ಟಿ ಗಣಿ ಇಂದಿಗೂ ಚಿನ್ನ ಕೊಡುತ್ತಿದೆ. ಇಲ್ಲಿನ ಆದಾಯದ ಒಂದು ಪಾಲನ್ನು ವಿದ್ಯಾರ್ಥಿಗಳಿಗಾಗಿಯೇ ಮೀಸಲಾದ ಬೋಧನಾ ಸುರಂಗಕ್ಕೆ ವಿನಿಯೋಗಿಸುವುದು ಅಸಾಧ್ಯವೇನಲ್ಲ. ಅದಿರು ಒಂದು ದಿನ ಮುಗಿಯಲೇಬೇಕು. ಅದು ಮುಗಿಯುವ ಮುನ್ನ ಕಲಿಕೆಗೆ ವ್ಯವಸ್ಥೆ ಮಾಡಿಕೊಳ್ಳುವುದು ವಿವೇಕ.