ಪ್ರತಿ ಮನೆಗೂ ಬೇರೆ ಯುಗಾದಿ

ಸಂಘದ ವೆಬ್‌ಸೈಟನ್ನು ಹೊಸ ಸರ್ವರ್‌ಗೆ ಸಾಗಿಸಿದ ಓದುಗರೊಬ್ಬರಿಗೆ ಒಂದು ಗೊಂದಲ. ಮೊಬೈಲಿನಲ್ಲಿ ಹೊಸ ಪುಟ ಬರುತ್ತದೆ, ಕಚೇರಿಯ ಕಂಪ್ಯೂಟರಿನಲ್ಲಿ ಇನ್ನೂ ಹಳೆಯದೇ. ವಿಚಾರಿಸಿದರೆ "ಡಿಎನ್‌ಎಸ್ ಬದಲಾವಣೆ ಪ್ರಪಂಚಕ್ಕೆಲ್ಲ ಹರಡಬೇಕು, 48 ಗಂಟೆ ಕಾಯಿರಿ" ಎಂಬ ಉತ್ತರ ಬಂತಂತೆ. ನಿಜವೇ ಎಂದು ಕೇಳಿದ್ದಾರೆ.

ಕಾಯಬೇಕು, ಸರಿ. ಆದರೆ ಏನೂ ಎಲ್ಲಿಗೂ ಹರಡುವುದಿಲ್ಲ.

ಡಿಎನ್‌ಎಸ್ ಎಂದರೆ ಹೆಸರು ಕೇಳಿದರೆ ಕಂಪ್ಯೂಟರಿನ ವಿಳಾಸ ಹೇಳುವ ವ್ಯವಸ್ಥೆ. ಅದು ಬರುವ ಮೊದಲು, ಇಂಟರ್‌ನೆಟ್‌ನ ಪೂರ್ವಜ ಅರ್ಪಾನೆಟ್ ಕಾಲದಲ್ಲಿ, ಎಲ್ಲ ಕಂಪ್ಯೂಟರುಗಳ ಹೆಸರು, ವಿಳಾಸ ಒಂದೇ ಕಡತದಲ್ಲಿದ್ದವು. ಅದನ್ನು ನೋಡಿಕೊಳ್ಳುತ್ತಿದ್ದದ್ದು ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಎಲಿಜಬೆತ್ ಫೈನ್ಲರ್ ಅವರ ತಂಡ. ಹೊಸ ಹೆಸರು ಸೇರಬೇಕಾದರೆ ಅವರಿಗೆ ತಿಳಿಸಬೇಕು; ಉಳಿದವರು ಆಗಾಗ ಆ ಕಡತ ಇಳಿಸಿಕೊಳ್ಳಬೇಕು. ಜಾಲ ಬೆಳೆದಂತೆ ಇದು ಕೈಮೀರಿತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ರೂಪಿಸಿದ ಡಿಎನ್‌ಎಸ್‌ನಲ್ಲಿ ಅವರವರ ಡೊಮೇನಿನ ದಾಖಲೆ ಅವರವರ ನೇಮ್‌ಸರ್ವರಿನಲ್ಲೇ ಇರುತ್ತದೆ. ಎಲ್ಲರೂ ಹೊಗಳುವುದು ಈ ಹಂಚಿಕೆಯನ್ನೇ. ನನಗೆ ಅದಕ್ಕಿಂತ ಹಿಡಿಸುವುದು ಪ್ರತಿ ದಾಖಲೆಗೂ ಅಂಟಿಸಿದ ಟಿಟಿಎಲ್ ಎಂಬ ಪುಟ್ಟ ಸಂಖ್ಯೆ: ಈ ದಾಖಲೆಯ ನಕಲನ್ನು ಎಷ್ಟು ಸೆಕೆಂಡು ನಂಬಬಹುದು ಎಂಬ ಲೆಕ್ಕ.

ಪಂಚಾಂಗವನ್ನೇ ನೋಡಿ. ಮನೆಗೆ ತಂದಿಟ್ಟುಕೊಂಡರೆ ಮುಂದಿನ ಯುಗಾದಿವರೆಗೆ ಅದೇ ಪ್ರಮಾಣ. ನಡುವೆ ಅಚ್ಚಿನವರು ಏನೋ ತಿದ್ದಿದರೆ, ಮನೆಮನೆಗೆ ಬಂದು ಹೇಳುವವರಿಲ್ಲ. ನಮ್ಮ ಪರವಾಗಿ ವಿಳಾಸ ವಿಚಾರಿಸುವ, ಇಂಟರ್‌ನೆಟ್ ಕಂಪನಿಯ ರಿಸಾಲ್ವರ್ ಎಂಬ ಸರ್ವರ್ ಕೂಡ ಹೀಗೆಯೇ: ಒಮ್ಮೆ ಕೇಳಿ ತಂದ ವಿಳಾಸವನ್ನು ಅವಧಿ ಮುಗಿಯುವವರೆಗೆ ಕೇಳಿದವರಿಗೆಲ್ಲ ಹೇಳುತ್ತದೆ. ಒಂದೇ ವ್ಯತ್ಯಾಸವೆಂದರೆ, ಅವಧಿ ಶುರುವಾಗುವುದು ನಕಲು ತಂದ ಗಳಿಗೆಯಿಂದ. ಹಾಗಾಗಿ ಇಲ್ಲಿ ಪ್ರತಿ ಮನೆಗೂ ಯುಗಾದಿ ಬೇರೆ. ಮೊಬೈಲಿಗೂ ಕಚೇರಿಗೂ ತಾಳೆಯಾಗದಿರುವುದು ಇದರಿಂದಲೇ.

48 ಗಂಟೆಗೂ ಒಂದು ಮೂಲವಿದೆ. ಡಾಟ್ ಕಾಮ್ ಡೊಮೇನುಗಳ ನೇಮ್‌ಸರ್ವರ್ ಯಾವುದೆಂದು ಹೇಳುವ ಎನ್‌ಎಸ್ ದಾಖಲೆಯನ್ನು ಡಾಟ್ ಕಾಮ್ ಸರ್ವರುಗಳು ಕೊಡುವುದು 1,72,800 ಸೆಕೆಂಡುಗಳ, ಅಂದರೆ ಸರಿಯಾಗಿ ಎರಡು ದಿನಗಳ ಟಿಟಿಎಲ್‌ನೊಂದಿಗೆ. ನೇಮ್‌ಸರ್ವರನ್ನೇ ಬದಲಿಸಿದರೆ ಈ ಲೆಕ್ಕ ಅನ್ವಯಿಸುತ್ತದೆ. ಬರೀ ವಿಳಾಸದ 'ಎ' ದಾಖಲೆ ಬದಲಿಸಿದ್ದರೆ ಅದರ ಟಿಟಿಎಲ್ ನಿಮ್ಮ ಕೈಯಲ್ಲೇ ಇತ್ತು. ಸಾಗಣೆಗೆ ಮೊದಲೇ ಅದನ್ನು 300ಕ್ಕೆ ಇಳಿಸಿ, ಹಳೆಯ ಅವಧಿ ಕಳೆಯಲು ಬಿಟ್ಟಿದ್ದರೆ, ಬಹುತೇಕ ಎಲ್ಲ ಕಡೆ ಐದು ನಿಮಿಷದಲ್ಲಿ ಕೆಲಸ ಮುಗಿಯುತ್ತಿತ್ತು. ಅವಧಿ ಮುಗಿದರೂ ಹಳೆಯದನ್ನೇ ಹಿಡಿದುಕೊಂಡಿರುವ ಹಟಮಾರಿ ರಿಸಾಲ್ವರುಗಳು ಕೆಲವಿವೆ, ಅವುಗಳ ಮಾತು ಬಿಡಿ.

ಹಾಗಾದರೆ ಸದಾ ಚಿಕ್ಕ ಟಿಟಿಎಲ್ ಇಟ್ಟರೇನು? ದೊಡ್ಡ ಕಂಪನಿಗಳು ಇಡುತ್ತವೆ, ಬೆಲೆಯನ್ನೂ ತೆರುತ್ತವೆ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ನಿರ್ವಹಣೆಯ ವೇಳೆ ಕೊಟ್ಟ ಒಂದು ಆದೇಶ ಅದರ ಡೇಟಾ ಕೇಂದ್ರಗಳ ನಡುವಿನ ಸಂಪರ್ಕವನ್ನೇ ಕಡಿಯಿತು. ಅದನ್ನು ಕಂಡ ಅದರ ಡಿಎನ್‌ಎಸ್ ಸರ್ವರುಗಳು, ತಮ್ಮಲ್ಲೇ ಏನೋ ದೋಷವಿದೆಯೆಂದು, ತಮ್ಮನ್ನು ತಲುಪುವ ದಾರಿಯ ಪ್ರಕಟಣೆಯನ್ನು ಹಿಂತೆಗೆದುಕೊಂಡವು. ಹೊರಗಿದ್ದ ನಕಲುಗಳ ಅವಧಿ ಬೇಗ ಮುಗಿಯಿತು. ಮತ್ತೆ ಕೇಳೋಣವೆಂದರೆ ಉತ್ತರಿಸುವವರಿಲ್ಲ. ವಾಟ್ಸ್ಆ್ಯಪ್, ಇನ್‌ಸ್ಟಾಗ್ರಾಮ್ ಸಮೇತ ಸುಮಾರು ಆರು ಗಂಟೆ ಎಲ್ಲ ಸ್ತಬ್ಧ.

ಓದುಗರಿಗೆ ಇನ್ನೊಂದು ಮಾತು. ನೇಮ್‌ಸರ್ವರ್ ಬದಲಿಸುವಾಗ 'ಎ' ದಾಖಲೆಯೊಂದನ್ನೇ ಒಯ್ದು, ಇಮೇಲ್ ಎಲ್ಲಿಗೆ ಹೋಗಬೇಕೆಂದು ಹೇಳುವ ಎಂಎಕ್ಸ್ ದಾಖಲೆಯನ್ನು ಮರೆಯುವವರು ಬಹಳ. ಸಂಘದ ಇಮೇಲ್ ಬರುತ್ತಿದೆಯೇ ನೋಡಿಕೊಳ್ಳಿ. ಎರಡು ದಿನ ಕಳೆಯುವವರೆಗೆ ಹಳೆಯ ಸರ್ವರನ್ನು ನಿಲ್ಲಿಸಬೇಡಿ.