ಮಗುವಿಗೆ ಹಾವು ಕಚ್ಚಿದಾಗ

ಬೆಂಗಳೂರಿನ ಕುಂದಲಹಳ್ಳಿ ಈಗ ಹೆಸರಿಗಷ್ಟೇ ಹಳ್ಳಿ. ಸುತ್ತಲೂ ಐಟಿ ಕಂಪೆನಿಗಳ ಗಾಜಿನ ಕಟ್ಟಡಗಳು, ಅಪಾರ್ಟ್‌ಮೆಂಟುಗಳು. 2023ರಿಂದ ಮೆಟ್ರೋ ರೈಲೂ ಓಡುತ್ತಿದೆ. ಆದರೆ ಕೆರೆ ಇನ್ನೂ ಇದೆ. ಖಾಲಿ ಸೈಟುಗಳಲ್ಲಿ ಪೊದೆಗಳಿವೆ, ಕಲ್ಲು-ಇಟ್ಟಿಗೆಗಳ ರಾಶಿಯಿದೆ, ಕಸವಿದೆ. ಕಸವಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಹಾವು. ನಗರದ ಹೊರವಲಯದ ಇಂಥ ಬಡಾವಣೆಗಳಲ್ಲಿ ನಾಗರಹಾವು, ಕೊಳಕುಮಂಡಲ ಕಾಣಿಸಿಕೊಳ್ಳುವುದು ಹೊಸ ಸಂಗತಿಯೇನಲ್ಲ. ಅಪಾರ್ಟ್‌ಮೆಂಟಿನ ಮಗು ಉದ್ಯಾನದ ಹುಲ್ಲಿನಲ್ಲಿ ಆಡುತ್ತದೆ. ಅದೇ ಅಪಾರ್ಟ್‌ಮೆಂಟು ಕಟ್ಟುವ ಕಾರ್ಮಿಕರ ಮಗು ತಗಡಿನ ಶೆಡ್ಡಿನಲ್ಲಿ ನೆಲದ ಮೇಲೆ ಮಲಗುತ್ತದೆ. ಅಪಾಯ ಇಬ್ಬರಿಗೂ ಇದೆ, ಎರಡನೆಯ ಮಗುವಿಗೆ ಹೆಚ್ಚು.

ಹಾವು ಕಡಿತವೆಂದರೆ ರೈತರ ಸಮಸ್ಯೆ ಎಂದು ನಗರದ ತಾಯಂದಿರು ಭಾವಿಸುವುದುಂಟು. 2025ರ ಆಗಸ್ಟ್‌ನಲ್ಲಿ ಬನ್ನೇರುಘಟ್ಟದ ಬಳಿ ಐಟಿ ಉದ್ಯೋಗಿಯೊಬ್ಬರು ಪ್ರಾಣ ಕಳೆದುಕೊಂಡದ್ದು ಮನೆಯ ಹೊರಗಿಟ್ಟ ಚಪ್ಪಲಿಯೊಳಗೆ ಸೇರಿಕೊಂಡಿದ್ದ ಹಾವಿನಿಂದ. ದೇಶದಲ್ಲಿ 2000ದಿಂದ 2019ರವರೆಗೆ ಸುಮಾರು 12 ಲಕ್ಷ ಜನ ಹಾವು ಕಡಿತದಿಂದ ಸತ್ತಿದ್ದಾರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿದೆ. ಅಂದರೆ ವರ್ಷಕ್ಕೆ ಸರಾಸರಿ 58,000. ಇವರಲ್ಲಿ ಕಾಲು ಭಾಗಕ್ಕಿಂತ ಹೆಚ್ಚಿನವರು 15 ವರ್ಷದೊಳಗಿನ ಮಕ್ಕಳು.

ತರಗತಿಯಲ್ಲೇ ಕಚ್ಚಿದ ಹಾವು

2019ರ ನವೆಂಬರ್‌ನಲ್ಲಿ ನಮ್ಮ ಗಡಿಯಾಚೆಯ ವಯನಾಡಿನಲ್ಲಿ ನಡೆದ ಘಟನೆ ಹಲವರಿಗೆ ನೆನಪಿರಬಹುದು. ಸರಕಾರಿ ಶಾಲೆಯ ಐದನೇ ತರಗತಿಯ ಬಾಲಕಿಗೆ ತರಗತಿಯ ಕೋಣೆಯಲ್ಲಿದ್ದ ಬಿಲದಿಂದ ಹಾವು ಕಚ್ಚಿತು. ಆಸ್ಪತ್ರೆಯಿಂದ ಆಸ್ಪತ್ರೆಗೆ ಸಾಗಿಸುವ ಹೊತ್ತಿಗೆ ಆ ಮಗು ಕೈಮೀರಿ ಹೋಗಿತ್ತು. ಮಗುವನ್ನು ಕೂಡಲೇ ಆಸ್ಪತ್ರೆಗೆ ಒಯ್ಯಲಿಲ್ಲವೆಂದು ಸಹಪಾಠಿಗಳೇ ಟಿವಿ ಕ್ಯಾಮೆರಾದ ಮುಂದೆ ಹೇಳಿದಾಗ ಕೇರಳವಿಡೀ ಮರುಗಿತು, ರೊಚ್ಚಿಗೆದ್ದಿತು. ಹಾವಿನ ವಿಷದಷ್ಟೇ ವಿಳಂಬವೂ ಕೊಲ್ಲುತ್ತದೆ ಎಂಬುದು ಅಲ್ಲಿ ಕಲಿತ ಪಾಠ.

ಮಕ್ಕಳಿಗೆ ಏಕೆ ಹೆಚ್ಚು ಅಪಾಯ?

ಹಾವು ಎದುರಿಗಿರುವವರ ವಯಸ್ಸು ನೋಡಿ ವಿಷ ಬಿಡುವುದಿಲ್ಲ. 60 ಕಿಲೋ ತೂಕದ ತಂದೆಯ ದೇಹದಲ್ಲಿ ಹರಡುವಷ್ಟೇ ವಿಷ 12 ಕಿಲೋದ ಮಗುವಿನಲ್ಲಿ ಹರಡಿದರೆ, ಪ್ರತಿ ಕಿಲೋಗೆ ಐದು ಪಟ್ಟು ಹೆಚ್ಚಾಗುತ್ತದೆ. ಆದ್ದರಿಂದಲೇ ಮಕ್ಕಳಲ್ಲಿ ಲಕ್ಷಣಗಳು ಬೇಗ ಉಲ್ಬಣಿಸುತ್ತವೆ. ಜೊತೆಗೆ, ಏನೋ ಕಚ್ಚಿತೆಂದು ಹೇಳಲು ಎಳೆಯ ಮಗುವಿಗೆ ಬಾರದು. ದೊಡ್ಡ ಮಗುವೋ ಬೈಯುತ್ತಾರೆಂದು ಹೆದರಿ ಮುಚ್ಚಿಡುತ್ತದೆ.

ಭಾರತದಲ್ಲಿ ಮುನ್ನೂರಕ್ಕೂ ಹೆಚ್ಚು ಬಗೆಯ ಹಾವುಗಳಿದ್ದರೂ ಹೆಚ್ಚಿನ ಸಾವುಗಳಿಗೆ ಕಾರಣ ನಾಲ್ಕು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಮಂಡಲ ಜಾತಿಯವು ಕಚ್ಚಿದರೆ ನೋವು, ಬಾವು, ಒಸಡಿನಲ್ಲಿ ಅಥವಾ ಮೂತ್ರದಲ್ಲಿ ರಕ್ತ ಕಾಣಿಸಿಕೊಳ್ಳುತ್ತದೆ. ಕೊಳಕುಮಂಡಲದ ವಿಷ ಮೂತ್ರಪಿಂಡವನ್ನೂ ಕೆಡಿಸಬಲ್ಲದು. ನಾಗರ ಮತ್ತು ಕಟ್ಟುಹಾವಿನ ವಿಷ ನರಗಳಿಗೆ ತಗಲುತ್ತದೆ. ರೆಪ್ಪೆ ಜೋತುಬೀಳುತ್ತದೆ, ಮಾತು ತೊದಲುತ್ತದೆ, ನುಂಗಲಾಗುವುದಿಲ್ಲ, ಕೊನೆಗೆ ಉಸಿರಾಟವೇ ನಿಲ್ಲುತ್ತದೆ.

ಕಟ್ಟುಹಾವಿನ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಅದು ರಾತ್ರಿ ಹೊತ್ತು ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವು ಅಷ್ಟಾಗಿ ಇರುವುದಿಲ್ಲ, ಗಾಯದ ಗುರುತೂ ಕಾಣಿಸದಿರಬಹುದು. ಬೆಳಗಿನ ಜಾವ ಮಗು ಹೊಟ್ಟೆನೋವೆಂದು ಅತ್ತು, ಕಣ್ಣು ತೆರೆಯಲಾಗದೆ ಒದ್ದಾಡಿದರೆ ಅದನ್ನು ಅಜೀರ್ಣವೆಂದು ತಳ್ಳಿಹಾಕಬೇಡಿ.

ತಕ್ಷಣ ಏನು ಮಾಡಬೇಕು?

* ಮಗುವನ್ನು ಸಮಾಧಾನಪಡಿಸಿ, ಮಲಗಿಸಿ. ಓಡಲು, ನಡೆಯಲು ಬಿಡಬೇಡಿ. ಅಲುಗಾಡಿದಷ್ಟೂ ವಿಷ ಬೇಗ ಹರಡುತ್ತದೆ.
* ಬಳೆ, ಕಾಲ್ಗೆಜ್ಜೆ, ಉಂಗುರ, ಬಿಗಿಯಾದ ಬಟ್ಟೆ ತೆಗೆಯಿರಿ. ಬಾವು ಬಂದ ಮೇಲೆ ತೆಗೆಯುವುದು ಕಷ್ಟ.
* ಮೂಳೆ ಮುರಿದಾಗ ಮಾಡುವಂತೆ ಕೈ ಅಥವಾ ಕಾಲಿಗೆ ಹಲಗೆಯಿಟ್ಟು ಸಡಿಲವಾಗಿ ಬಟ್ಟೆ ಸುತ್ತಿ.
* 108ಕ್ಕೆ ಕರೆ ಮಾಡಿ. ತಡವಾಗುವುದಾದರೆ ಸಿಕ್ಕಿದ ವಾಹನದಲ್ಲಿ ಹೊರಡಿ.
* ಕಚ್ಚಿದ ಸಮಯ ಮತ್ತು ಆಮೇಲೆ ಕಂಡ ಲಕ್ಷಣಗಳನ್ನು ವೈದ್ಯರಿಗೆ ತಿಳಿಸಿ.

ಹಗ್ಗದಿಂದ ಬಿಗಿದು ಕಟ್ಟುವುದು, ಬ್ಲೇಡಿನಿಂದ ಕೊಯ್ಯುವುದು, ಬಾಯಿಯಿಂದ ಹೀರುವುದು, ಐಸ್ ಇಡುವುದು, ಸೊಪ್ಪು ಅರೆದು ಹಚ್ಚುವುದು ಯಾವುದೂ ಬೇಡ. ಬಿಗಿದು ಕಟ್ಟಿದ್ದರಿಂದ ರಕ್ತ ಸಂಚಾರ ನಿಂತು ಕೈಕಾಲು ಕಳೆದುಕೊಂಡವರಿದ್ದಾರೆ. ಹಾವನ್ನು ಹುಡುಕಿ ಕೊಲ್ಲಲು ಹೋಗಬೇಡಿ, ಇನ್ನೊಬ್ಬರಿಗೆ ಕಚ್ಚೀತು. ಮಂತ್ರಿಸುವವರ, ನಾಟಿ ಔಷಧಿಯವರ ಮನೆ ಬಾಗಿಲಲ್ಲಿ ಕಾಯುವ ಅರ್ಧ ಗಂಟೆ ಮಗುವಿನ ಪಾಲಿನ ಅರ್ಧ ಗಂಟೆ. ದುಆ ಆಸ್ಪತ್ರೆಗೆ ಹೋಗುವ ವಾಹನದಲ್ಲೂ ಮಾಡಬಹುದು.

ಆಸ್ಪತ್ರೆಯಲ್ಲಿ

ವೈದ್ಯರು ಒಣಗಿದ ಗಾಜಿನ ನಳಿಕೆಯಲ್ಲಿ ಸ್ವಲ್ಪ ರಕ್ತ ತೆಗೆದು 20 ನಿಮಿಷ ಅಲುಗಿಸದೆ ಇಡುತ್ತಾರೆ. ರಕ್ತ ಹೆಪ್ಪುಗಟ್ಟದಿದ್ದರೆ ಅದು ಮಂಡಲದ ವಿಷದ ಸೂಚನೆ. ವಿಷದ ಲಕ್ಷಣಗಳಿದ್ದರೆ ಪ್ರತಿವಿಷ ಕೊಡಬೇಕು. ಕುದುರೆಗಳಿಗೆ ಅಲ್ಪ ಪ್ರಮಾಣದಲ್ಲಿ ವಿಷ ಚುಚ್ಚಿ, ಅವುಗಳ ರಕ್ತದಿಂದ ತಯಾರಿಸುವ ಈ ಔಷಧಿ ಮೇಲೆ ಹೇಳಿದ ನಾಲ್ಕೂ ಹಾವುಗಳ ವಿಷಕ್ಕೆ ತಯಾರಾದದ್ದು. ಹೀಗಾಗಿ ಹಾವು ಯಾವುದೆಂದು ತಿಳಿಯದಿದ್ದರೂ ಚಿಕಿತ್ಸೆ ನಿಲ್ಲುವುದಿಲ್ಲ.

ಇಲ್ಲಿ ಹೆತ್ತವರು ತಿಳಿಯಬೇಕಾದ ಒಂದು ಮಾತಿದೆ. ಬೇರೆಲ್ಲ ಔಷಧಿ ಮಕ್ಕಳಿಗೆ ಕಡಿಮೆ, ಪ್ರತಿವಿಷ ಮಾತ್ರ ದೊಡ್ಡವರಷ್ಟೇ. ಮೊದಲಿಗೆ ಸಾಮಾನ್ಯವಾಗಿ 8ರಿಂದ 10 ಸೀಸೆ. ಔಷಧಿ ಎದುರಿಸಬೇಕಾದದ್ದು ವಿಷವನ್ನು, ಮಗುವಿನ ತೂಕವನ್ನಲ್ಲ. ‘ಇಷ್ಟು ಚಿಕ್ಕ ಮಗುವಿಗೆ ಇಷ್ಟೊಂದು ಇಂಜೆಕ್ಷನ್ನೇ?’ ಎಂದು ತಡೆಯಬೇಡಿ. ಕೆಲವರಿಗೆ ಇದರಿಂದ ಅಲರ್ಜಿಯಾಗುವುದುಂಟು. ಅದಕ್ಕೆ ಬೇಕಾದ ಅಡ್ರಿನಲಿನ್ ವೈದ್ಯರ ಕೈಗೆಟುಕುವಂತೆ ಸಿದ್ಧವಿರುತ್ತದೆ. ಉಸಿರಾಟ ಸೋತರೆ ಕೃತಕ ಉಸಿರಾಟದ ಯಂತ್ರ ಬೇಕಾಗುತ್ತದೆ. ಲಕ್ಷಣಗಳೇ ಇಲ್ಲದಿದ್ದರೂ ಮಗುವನ್ನು 24 ಗಂಟೆಯಾದರೂ ಆಸ್ಪತ್ರೆಯಲ್ಲಿಟ್ಟು ನೋಡಬೇಕು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗರ್ ಮತ್ತು ಸಂಗಡಿಗರು ಒಂದೇ ಜಾತಿಯ ಹಾವಿನ ವಿಷವೂ ಊರಿಂದೂರಿಗೆ ಬದಲಾಗುವುದನ್ನು ತೋರಿಸಿದ್ದಾರೆ. ಕುದುರೆಯ ನೆರವಿಲ್ಲದೆ ಪ್ರತಿವಿಷ ತಯಾರಿಸುವ ಅವರ ಪ್ರಯತ್ನ ಇನ್ನೂ ಪ್ರಯೋಗದ ಹಂತದಲ್ಲಿದೆ. ಕರ್ನಾಟಕ ಸರಕಾರ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿತು. ಎಲ್ಲಿ ಎಷ್ಟು ಮಂದಿಗೆ ಕಚ್ಚಿದೆಯೆಂಬ ಲೆಕ್ಕ ಸಿಕ್ಕರೆ ಅಲ್ಲಿಗೆ ಔಷಧಿ ತಲಪಿಸುವುದು ಸುಲಭ.

ಮನೆಯಲ್ಲಿ ಮಾಡಬೇಕಾದದ್ದು

ಮಕ್ಕಳನ್ನು ಮಂಚದ ಮೇಲೆ ಮಲಗಿಸಿ. ಮಂಚವಿಲ್ಲದಿದ್ದರೆ ಸೊಳ್ಳೆಪರದೆ ಕಟ್ಟಿ, ಅದರ ಅಂಚನ್ನು ಚಾಪೆಯಡಿಗೆ ಸಿಕ್ಕಿಸಿ. ಶೂ, ಚಪ್ಪಲಿ ಕೊಡವಿ ಹಾಕಿಕೊಳ್ಳಲು ಕಲಿಸಿ. ರಾತ್ರಿ ಹೊರಗೆ ಹೋಗುವಾಗ ಟಾರ್ಚ್ ಇರಲಿ. ಸೌದೆ, ಇಟ್ಟಿಗೆಗಳ ರಾಶಿ ಮನೆಯ ಗೋಡೆಗೆ ತಾಗಿಕೊಂಡಿರದಿರಲಿ.

ಇನ್ನೊಂದು ಕೆಲಸವನ್ನು ಇಂದೇ ಮಾಡಿ. ನಿಮ್ಮ ಮನೆಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಪ್ರತಿವಿಷವೂ ಉಸಿರಾಟದ ಯಂತ್ರವೂ ಇದೆಯೆಂದು ವಿಚಾರಿಸಿ ಗೋಡೆಯ ಮೇಲೆ ಬರೆದಿಡಿ. ಕುಂದಲಹಳ್ಳಿಯ ಸಂಜೆಯ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡ ಮೇಲೆ ಹುಡುಕುತ್ತಾ ಕೂರುವ ವಿಷಯವಲ್ಲ ಇದು. ಮನೆಗೆಲಸಕ್ಕೆ ಬರುವಾಕೆಗೂ, ಎದುರಿನ ಶೆಡ್ಡಿನ ತಾಯಿಗೂ ಆ ಹೆಸರನ್ನು ತಿಳಿಸಿ. ಏನಾದರೂ ಕಚ್ಚಿದರೆ ಬೈಯುವುದಿಲ್ಲ, ಕೂಡಲೇ ಹೇಳಬೇಕು ಎಂದು ನಿಮ್ಮ ಮಗುವಿಗೂ ಹೇಳಿಡಿ.