ಮೂತ್ರ ನಿಂತ ರೋಗಿಗೆ ಯಾವ ಮದ್ದು?

ತೀವ್ರ ನಿಗಾ ಘಟಕದಲ್ಲಿರುವ ರೋಗಿಗೆ ಮೂತ್ರ ಕಡಿಮೆಯಾದರೆ ಮನೆಯವರು ವೈದ್ಯರನ್ನು ಕೇಳುವುದು ಒಂದೇ: "ಮೂತ್ರ ಹೋಗಲು ಇಂಜೆಕ್ಷನ್ ಕೊಡಬಾರದೇ?" ಇದಕ್ಕೆ ಉತ್ತರ ತಿಳಿದಿರುವುದು ಒಳ್ಳೆಯದು.

ಕಿಡ್ನಿ ಕೆಡುವುದೇಕೆ?

ಹೃದಯ ಹೊರದೂಡುವ ರಕ್ತದಲ್ಲಿ ಸುಮಾರು ಐದನೇ ಒಂದು ಪಾಲು ಕಿಡ್ನಿಗಳಿಗೆ ಹೋಗುತ್ತದೆ. ರಕ್ತಕ್ಕೆ ನಂಜೇರಿದಾಗ, ವಾಂತಿಭೇದಿಯಿಂದ ದೇಹದ ನೀರು ಬತ್ತಿದಾಗ, ರಕ್ತದೊತ್ತಡ ಕುಸಿದಾಗ ಕಿಡ್ನಿ ಬಳಲುತ್ತದೆ. ಗದ್ದೆ ಕೆಲಸದವರಿಗೆ ತಗಲುವ ಇಲಿಜ್ವರ, ಕೊಳಕುಮಂಡಲ ಹಾವಿನ ಕಡಿತಗಳೂ ಕಾರಣ. 60 ಕಿಲೋ ತೂಕದವರಿಗೆ ಸತತ ಆರು ಗಂಟೆ, ಗಂಟೆಗೆ 30 ಮಿ.ಲೀ.ಗಿಂತ ಕಡಿಮೆ ಮೂತ್ರವಾದರೆ ಅದು ಅಪಾಯದ ಸೂಚನೆ.

ಮೂತ್ರದ ಇಂಜೆಕ್ಷನ್

ಫ್ರುಸೆಮೈಡ್ ಮೂತ್ರ ಹೆಚ್ಚಿಸುತ್ತದೆ. ಶ್ವಾಸಕೋಶದಲ್ಲಿ ನೀರು ತುಂಬಿದಾಗ ಅದು ಉಪಕಾರಿ. ಆದರೆ ಕೆಟ್ಟ ಕಿಡ್ನಿಯನ್ನು ಅದು ಸರಿಪಡಿಸದು. ಹಿಂದೆ ಡೋಪಮೈನ್ ಮದ್ದನ್ನು ಅಲ್ಪ ಪ್ರಮಾಣದಲ್ಲಿ ಕೊಟ್ಟರೆ ಕಿಡ್ನಿ ಉಳಿಯುತ್ತದೆಂದು ನಂಬಿದ್ದರು. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ವೈದ್ಯರು 328 ರೋಗಿಗಳಲ್ಲಿ ಇದನ್ನು ಪರೀಕ್ಷಿಸಿ 2000ದಲ್ಲಿ ಫಲಿತಾಂಶ ಪ್ರಕಟಿಸಿದರು. ಮದ್ದು ಪಡೆದವರಿಗೂ ಪಡೆಯದವರಿಗೂ ವ್ಯತ್ಯಾಸ ಕಾಣಲಿಲ್ಲ. ಕೆಟ್ಟ ಕಿಡ್ನಿಯನ್ನು ತಕ್ಷಣ ಸರಿಪಡಿಸುವ ಮದ್ದು ಇಂದಿಗೂ ಇಲ್ಲ.

ಹಾಗಾದರೆ ಚಿಕಿತ್ಸೆ ಏನು?

1. ಮೂಲ ರೋಗಕ್ಕೆ ಬೇಗನೆ ಮದ್ದು: ನಂಜಿಗೆ ಆಂಟಿಬಯಾಟಿಕ್, ಇಲಿಜ್ವರಕ್ಕೆ ಪೆನಿಸಿಲಿನ್‌ನಂಥವು, ಹಾವಿನ ವಿಷಕ್ಕೆ ಪ್ರತಿವಿಷ.

2. ದೇಹದಲ್ಲಿ ನೀರು ಕಡಿಮೆಯಿದ್ದರೆ ಡ್ರಿಪ್ಸ್. ಅತಿಯಾದರೆ ಉಸಿರಾಟಕ್ಕೇ ತೊಂದರೆ.

3. ಆದರೂ ರಕ್ತದೊತ್ತಡ ಏರದಿದ್ದರೆ ನಾರ್‌ಅಡ್ರಿನಲಿನ್.

4. ಕಿಡ್ನಿಗೆ ಹಾನಿ ಮಾಡುವ ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳನ್ನು ನಿಲ್ಲಿಸುವುದು. ಜೆಂಟಾಮೈಸಿನ್ ಬದಲಿಗೆ ಸಾಧ್ಯವಾದರೆ ಬೇರೆ ಮದ್ದು. ಕಿಡ್ನಿಯ ಮೂಲಕ ಹೊರಹೋಗುವ ಇತರ ಮದ್ದುಗಳ ಪ್ರಮಾಣವನ್ನೂ ಬದಲಿಸಬೇಕಾಗುತ್ತದೆ.

5. ರಕ್ತದಲ್ಲಿ ಪೊಟ್ಯಾಸಿಯಂ ಅಥವಾ ಆಮ್ಲ ಅಪಾಯಕರವಾಗಿ ಏರಿದರೆ, ಮದ್ದಿಗೆ ಬಗ್ಗದಷ್ಟು ನೀರು ತುಂಬಿದರೆ ಡಯಾಲಿಸಿಸ್.

ಡಯಾಲಿಸಿಸ್ ಎಂದೊಡನೆ "ಇನ್ನು ಮುಗಿಯಿತು" ಎಂದು ರೋಗಿಯನ್ನು ಮನೆಗೆ ಕರೆದೊಯ್ಯುವವರಿದ್ದಾರೆ. ಹಾಗೆ ಮಾಡಬೇಡಿ. ಕಿಡ್ನಿ ಚೇತರಿಸುವವರೆಗೆ ಅದರ ಕೆಲಸವನ್ನು ಯಂತ್ರ ಮಾಡುತ್ತದೆ, ಅಷ್ಟೇ. ಬದುಕುಳಿದವರಲ್ಲಿ ಅನೇಕರಿಗೆ ಕೆಲವು ವಾರಗಳಲ್ಲಿ ಡಯಾಲಿಸಿಸ್ ಬೇಡವಾಗುತ್ತದೆ.

ಮನೆಯವರು ಗಮನಿಸಿ

ಆಸ್ಪತ್ರೆಗೆ ಹೋಗುವಾಗ ರೋಗಿ ನುಂಗಿದ ಎಲ್ಲ ಮಾತ್ರೆಗಳನ್ನೂ, ನಾಟಿ ಮದ್ದನ್ನೂ ಜೊತೆಗೆ ಒಯ್ಯಿರಿ. ಮುಚ್ಚಿಡಬೇಡಿ. ಕೊನೆಯ ಬಾರಿ ಮೂತ್ರ ಹೋದದ್ದು ಯಾವಾಗ ಎಂದು ತಿಳಿಸಿ. ಗುಣವಾಗಿ ಮನೆಗೆ ಬಂದ ಮೇಲೂ ವೈದ್ಯರು ಹೇಳಿದ ದಿನ ಹೋಗಿ, ಮೂರು ತಿಂಗಳಿಗಾದರೂ ಒಮ್ಮೆ ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ. ಮೈಕೈ ನೋವೆಂದು ಅಂಗಡಿಯಿಂದ ಮಾತ್ರೆ ತಂದು ನುಂಗುವ ಅಭ್ಯಾಸವನ್ನು ಅಲ್ಲಿಗೇ ಬಿಡಿ.